ಬೇಡವೆಂದ ವಾದ್ಯವೇ ಬೇಕಾಯಿತು

1660ರ ಜೂನ್ 8ನೆಯ ತಾರೀಖು. ಇಂಗ್ಲೆಂಡಿನ ಆಗ್ನೇಯ ಕರಾವಳಿಯ ಡೀಲ್ ಎಂಬ ಊರಿನಿಂದ ಬೆಳಗಾಗೆದ್ದು ಕುದುರೆಯೇರಿ ಲಂಡನ್ನಿಗೆ ಹೊರಟಿದ್ದ ಇಪ್ಪತ್ತೇಳು ವರ್ಷದ ತರುಣನೊಬ್ಬನಿಗೆ ಅಂದು ದೊಡ್ಡ ತಲೆನೋವು. ರಾಜನ ಗಿಟಾರನ್ನು ಊರು ಮುಟ್ಟಿಸುವ ಹೊಣೆ ಅವನ ಮೇಲೆ ಬಿದ್ದಿತ್ತು! ಹಲವು ವರ್ಷ ದೇಶಭ್ರಷ್ಟನಾಗಿ ಹೊರಗಿದ್ದ ಎರಡನೆಯ ಚಾರ್ಲ್ಸ್, ಹಿಂದಿನ ತಿಂಗಳಷ್ಟೇ ಹಡಗಿನಲ್ಲಿ ಬಂದು ಸ್ವದೇಶದಲ್ಲಿ ಇಳಿದಿದ್ದ. ಅವನನ್ನು ಕರೆತಂದ ನೌಕಾಪಡೆಯ ಅಧಿಪತಿಗೆ ಈ ತರುಣ ಕಾರ್ಯದರ್ಶಿ. ಗಿಟಾರನ್ನು ಕಾಲ್ನಡಿಗೆಯಲ್ಲಿ ತರಲು ಒಬ್ಬನ ಕೈಗೆ ಒಪ್ಪಿಸಿದ. ಆ ಪುಣ್ಯಾತ್ಮ ಎಲ್ಲಿ ತಪ್ಪಿಸಿಕೊಂಡನೋ ಎಂದು ಗಾಬರಿಪಟ್ಟ. ಅಂದಿನ ದಿನಚರಿಯಲ್ಲಿ ಅವನನ್ನು ಪೋಕರಿ ಎಂದು ಬೈದು ಬರೆದುಕೊಂಡ.

ಆ ತರುಣನ ಹೆಸರು ಸ್ಯಾಮ್ಯುಯೆಲ್ ಪೀಪ್ಸ್. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುವವರು ‘ಪೆಪಿಸ್’ ಎನ್ನುವುದುಂಟು; ಸರಿಯಾದ ಉಚ್ಚಾರಣೆ ಪೀಪ್ಸ್ ಎಂದೇ. ಲಂಡನ್ನಿನ ಒಬ್ಬ ದರ್ಜಿಯ ಮಗ. ಸೇಂಟ್ ಪಾಲ್ಸ್ ಶಾಲೆ, ಆಮೇಲೆ ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜು, 1654ರಲ್ಲಿ ಬಿ.ಎ. ಪದವಿ. 1660ರ ಜನವರಿ 1ರಂದು ಬರೆಯಲು ತೊಡಗಿದ ದಿನಚರಿಯನ್ನು 1669ರ ಮೇ 31ರವರೆಗೆ, ಶೀಘ್ರಲಿಪಿಯಲ್ಲಿ, ಬಿಡದೆ ಬರೆದ. ಲಂಡನ್ನಿನ ಮಹಾಮಾರಿ ಪ್ಲೇಗನ್ನೂ ಮಹಾ ಬೆಂಕಿಯನ್ನೂ ವಿವರಿಸುವಾಗ ಇತಿಹಾಸಕಾರರು ಇಂದಿಗೂ ತೆರೆಯುವುದು ಅದೇ ದಿನಚರಿಯನ್ನು. ಪರೀಕ್ಷೆಗೆ ಬೇಕಾದಷ್ಟು ಇತಿಹಾಸ ಅದರಲ್ಲಿದೆ, ನಿಜ. ಆದರೆ ಅದನ್ನು ಓದುವವರಿಗೆ ಹೆಚ್ಚು ಹತ್ತಿರವಾಗುವುದು ಬೇರೊಂದು ಸಂಗತಿ. ಸರ್ಕಾರಿ ಕಚೇರಿಯ ಒಬ್ಬ ದುಡಿಮೆಗಾರ ತನ್ನ ಸಂಗೀತದ ಹುಚ್ಚನ್ನು ದಿನದ ಯಾವ ಮೂಲೆಯಲ್ಲಿ ತುರುಕಿಕೊಂಡ ಎಂಬುದು.

ರಾಜ ಸಿಂಹಾಸನವೇರಿದ ವರ್ಷವೇ ಪೀಪ್ಸ್‌ಗೆ ನೌಕಾ ಕಚೇರಿಯಲ್ಲಿ ಒಳ್ಳೆಯ ಹುದ್ದೆ ಸಿಕ್ಕಿತು. ಹಡಗಿಗೆ ಮರ, ಹಗ್ಗ, ಹಾಯಿಬಟ್ಟೆ ಕೊಳ್ಳುವ ವ್ಯವಹಾರ. ಕೂತ ಮೇಲೆ ಗೊತ್ತಾಯಿತು, ತನಗೆ ಲೆಕ್ಕವೇ ಬಾರದು! ಕೇಂಬ್ರಿಜ್ ಪದವೀಧರನಿಗೆ ಮಗ್ಗಿ ಗೊತ್ತಿರಲಿಲ್ಲ ಎಂದರೆ ಈಗಿನ ಮೂರನೆಯ ತರಗತಿಯ ಮಕ್ಕಳೂ ನಗಬಹುದು. ಅಂದಿನ ಅಲ್ಲಿಯ ವಿದ್ಯಾಭ್ಯಾಸವೆಂದರೆ ಹೆಚ್ಚಾಗಿ ಲ್ಯಾಟಿನ್ ಮತ್ತು ಗ್ರೀಕ್. 1662ರ ಜುಲೈನಲ್ಲಿ ಹಡಗಿನಲ್ಲಿ ಕೆಲಸ ಮಾಡಿದ್ದ ಒಬ್ಬನನ್ನು ಮೇಷ್ಟರನ್ನಾಗಿ ಇಟ್ಟುಕೊಂಡು, ಬೆಳಗಿನ ನಾಲ್ಕು ಗಂಟೆಗೆ ಎದ್ದು ಮಗ್ಗಿ ಉರುಹೊಡೆದ. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿ ಆರು ವರ್ಷ ಕಳೆದಿತ್ತು. ಕಲಿತದ್ದನ್ನು ಮರುವರ್ಷ ಹೆಂಡತಿ ಎಲಿಜಬೆತ್‌ಳಿಗೂ ಕಲಿಸಿದ.

ಸಂಗೀತವನ್ನೂ ಹೀಗೆಯೇ ಹಿಡಿದದ್ದು. ವೃತ್ತಿಯಿಂದ ಆತ ಸಂಗೀತಗಾರನಲ್ಲ. ಹಾಡಿ ಒಂದು ಕಾಸು ಸಂಪಾದಿಸಿದವನಲ್ಲ. ಬದಲಿಗೆ ಕಳೆದುಕೊಂಡದ್ದೇ ಹೆಚ್ಚು. ಲ್ಯೂಟ್ ನುಡಿಸುತ್ತಿದ್ದ. ಪಿಟೀಲಿನ ಹಾಗೆ ಬಿಲ್ಲಿನಿಂದ ನುಡಿಸುವ ವಯಲ್, ಉದ್ದ ಕತ್ತಿನ ಥಿಯೋರ್ಬೊ, ಕೊಳಲಿನ ಜಾತಿಯ ಪುಟ್ಟ ಫ್ಲಾಜಲೆಟ್ ಎಲ್ಲವೂ ಬೇಕಿತ್ತು. ಕಚೇರಿಗೆ ಅಂಟಿಕೊಂಡೇ ಮನೆ. ಸಂಜೆ ಕಾಗದಪತ್ರ ಮುಚ್ಚಿಟ್ಟು ತೋಟದಲ್ಲಿ ಕೂತರೆ ಹಾಡು. ಕೆಲಸಕ್ಕೆ ಇಟ್ಟುಕೊಂಡ ಹುಡುಗ ಟಾಮ್‌ಗೆ ಲ್ಯೂಟ್ ಬರುತ್ತಿತ್ತು, ಮನೆಯಾಕೆಗೆ ಜೊತೆಯಾಗಿ ಬಂದ ಹುಡುಗಿ ಮರ್ಸರ್‌ಳ ಕಂಠ ಚೆನ್ನಾಗಿತ್ತು. ಹೀಗಾಗಿ ಯಜಮಾನ, ಆಳು ಎಲ್ಲ ಸೇರಿ ರಾತ್ರಿ ಭಜನಾ ಮಂಡಳಿಯಂತೆ ಕೂತು ಹಾಡುತ್ತಿದ್ದರು. ಸ್ವಂತವಾಗಿ ರಾಗ ಹಾಕುವ ಆಸೆಯೂ ಬಂತು. 1662ರ ಆರಂಭದಲ್ಲಿ ಒಬ್ಬ ಗುರುವಿಗೆ 5 ಪೌಂಡು ಕೊಟ್ಟು ಪಾಠ ಹೇಳಿಸಿಕೊಂಡ. ಒಂದೂವರೆ ತಿಂಗಳಲ್ಲಿ ಇಬ್ಬರಿಗೂ ಜಗಳವಾಗಿ ಪಾಠ ನಿಂತಿತು. ರಾಗ ಹಾಕುವುದು ನಿಲ್ಲಲಿಲ್ಲ.

ಇಂಥ ಮನೆ ಲಂಡನ್ನಿನಲ್ಲಿ ಇದೊಂದೇ ಅಲ್ಲ. 1666ರ ಸೆಪ್ಟೆಂಬರ್ 2ರಂದು ಮಹಾ ಬೆಂಕಿ ಹತ್ತಿದಾಗ ಜನ ಕೈಗೆ ಸಿಕ್ಕ ಸಾಮಾನನ್ನು ಥೇಮ್ಸ್ ನದಿಯ ದೋಣಿಗಳಿಗೆ ತುಂಬುತ್ತಿದ್ದರು. ಆ ಗಲಿಬಿಲಿಯಲ್ಲೂ ಪೀಪ್ಸ್‌ನ ಕಣ್ಣು ಒಂದನ್ನು ಗುರುತಿಸಿತು: ಮನೆಸಾಮಾನು ಹೊತ್ತ ಹೆಚ್ಚುಕಡಿಮೆ ಪ್ರತಿ ಮೂರು ದೋಣಿಗಳಲ್ಲಿ ಒಂದರಲ್ಲಿ ವರ್ಜಿನಲ್ ಎಂಬ ಮೀಟುಮಣೆಯ ವಾದ್ಯವಿತ್ತು. ಮನೆ ಸುಡುವಾಗ ಏನನ್ನು ಎತ್ತಿಕೊಂಡು ಓಡುತ್ತೇವೆ ಎಂಬುದರಲ್ಲಿ ಮನೆಯ ಗುಟ್ಟೆಲ್ಲ ಇರುತ್ತದೆ.

ಹೆಂಡತಿಯ ಹಾಡಿನ ವಿಷಯದಲ್ಲಿ ಮಾತ್ರ ಪೀಪ್ಸ್ ಒಳ್ಳೆಯ ಮೇಷ್ಟ್ರಾಗಿರಲಿಲ್ಲ. ಎಲಿಜಬೆತ್ ಶ್ರುತಿ ತಪ್ಪುತ್ತಿದ್ದಳು, ಆತ ಸಿಡುಕುತ್ತಿದ್ದ. 1667ರ ಮಾರ್ಚ್ 1ರಂದು ಅವನ ಸಿಡುಕಿಗೆ ಆಕೆ ಅತ್ತೇ ಬಿಟ್ಟಳು. ಇನ್ನು ಮೇಲೆ ಹೀಗೆ ಎದೆಗುಂದಿಸಬಾರದೆಂದು ಅಂದು ರಾತ್ರಿ ದಿನಚರಿಯಲ್ಲಿ ಬರೆದುಕೊಂಡ. ಆ ವರ್ಷವೇ ಆಕೆಗೆ ಫ್ಲಾಜಲೆಟ್ ಕಲಿಸಲು ಗುರುವನ್ನು ಗೊತ್ತುಮಾಡಿದ. ಅದು ಆಕೆಗೆ ಒಲಿಯಿತು. ಮಗ ಅಥವಾ ಮಗಳು ಅಪಸ್ವರ ನುಡಿಸಿದಾಗ ಕಿವಿ ಮುಚ್ಚಿಕೊಳ್ಳುವ ತಂದೆತಾಯಿಗಳು ಈ ಪುಟವನ್ನು ಓದಬೇಕು.

ವಿಜ್ಞಾನದ ವಿದ್ಯಾರ್ಥಿಗಳು ನೆನಪಿಡಬೇಕಾದ ಪುಟ ಇನ್ನೊಂದಿದೆ, 1666ರ ಆಗಸ್ಟ್ 8ರದು. ಅಂದು ದಾರಿಯಲ್ಲಿ ಸಿಕ್ಕವನು ರಾಬರ್ಟ್ ಹುಕ್. ಪಠ್ಯಪುಸ್ತಕದಲ್ಲಿ ಸ್ಪ್ರಿಂಗಿನ ನಿಯಮದೊಂದಿಗೆ ಬರುವನಲ್ಲ, ಅದೇ ಹುಕ್. ಅವನು ‘ಮೈಕ್ರೋಗ್ರಾಫಿಯ’ ಎಂಬ ತನ್ನ ಪುಸ್ತಕದಲ್ಲಿ ಸೂಕ್ಷ್ಮದರ್ಶಕದಡಿ ಕಂಡ ನೊಣ, ಚಿಗಟಗಳ ಚಿತ್ರ ಬರೆದಿದ್ದ. ಪೀಪ್ಸ್ ಆ ಪುಸ್ತಕ ಕೊಂಡು ರಾತ್ರಿ ಎರಡು ಗಂಟೆಯವರೆಗೆ ಕೂತು ಓದಿದ್ದ. 1665ರಲ್ಲಿ ರಾಯಲ್ ಸೊಸೈಟಿಯ ಸದಸ್ಯನೂ ಆಗಿದ್ದ. ಇಬ್ಬರೂ ನಾದದ ಬಗ್ಗೆ ಮಾತಿಗೆ ನಿಂತರು. ಪ್ರತಿ ಸ್ವರಕ್ಕೂ ಇಂತಿಷ್ಟು ಕಂಪನಗಳೆಂಬ ಲೆಕ್ಕವಿದೆ, ಆದ್ದರಿಂದ ನೊಣದ ಗುಂಯ್‌ಗುಟ್ಟುವಿಕೆ ಯಾವ ಸ್ವರಕ್ಕೆ ಹೊಂದುತ್ತದೆಂದು ಗುರುತಿಸಿದರೆ ಅದು ರೆಕ್ಕೆಯನ್ನು ಎಷ್ಟು ಸಲ ಬಡಿಯುತ್ತದೆಂದು ಹೇಳಬಲ್ಲೆ ಎಂದ ಹುಕ್. ಪೀಪ್ಸ್‌ಗೆ ಇದು ಸ್ವಲ್ಪ ಅತಿಯಾಯಿತು ಅನ್ನಿಸಿತು. ಹುಕ್ ಹೇಳಿದ್ದು ಸರಿಯೇ. ಮನೆಯ ನೊಣ ಸೆಕೆಂಡಿಗೆ ಸುಮಾರು 200 ಸಲ ರೆಕ್ಕೆ ಬಡಿಯುತ್ತದೆ. ಇಂದಿನ ಗಿಟಾರಿನ ಮೂರನೆಯ ತಂತಿಗೆ ಸೆಕೆಂಡಿಗೆ 196 ಕಂಪನ. ಗಿಟಾರಿರುವ ಮನೆಯಲ್ಲಿ ಒಂದು ನೊಣ ಸಿಕ್ಕರೆ ಸಾಕು, ಪ್ರಯೋಗ ಮಾಡಿ ನೋಡಬಹುದು.

ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳಲ್ಲೂ ಇದೇ ಲೆಕ್ಕ. ನಮ್ಮ ವೀಣೆಯ ಮೆಟ್ಟುಗಳಿದ್ದಂತೆ ಅವು. ತಂತಿಯ ಉದ್ದ ಅರ್ಧವಾದರೆ ಕಂಪನ ಎರಡರಷ್ಟು. ಷಡ್ಜ ಹೋಗಿ ಮೇಲಿನ ಷಡ್ಜ ಕೇಳುತ್ತದೆ. ಅದು ಹನ್ನೆರಡನೆಯ ಮೆಟ್ಟು. ನಡುವಿನ ಮೆಟ್ಟುಗಳನ್ನು ಕೂರಿಸಲು, ಪ್ರತಿ ಸಲವೂ ಉಳಿದ ಉದ್ದದಲ್ಲಿ 18ರಲ್ಲೊಂದು ಪಾಲು ಕಳೆಯಿರಿ ಎಂಬ ಸೂತ್ರವನ್ನು 1581ರಲ್ಲಿ ಕೊಟ್ಟವನು ಲ್ಯೂಟ್ ವಾದಕ ವಿನ್ಸೆಂಜೊ ಗೆಲಿಲಿ. ಖಗೋಳ ವಿಜ್ಞಾನಿ ಗೆಲಿಲಿಯೊನ ತಂದೆ! 65 ಸೆಂಟಿಮೀಟರ್ ತಂತಿಯಲ್ಲಿ ಮೊದಲ ಮೆಟ್ಟು ಸುಮಾರು 3.6 ಸೆಂಟಿಮೀಟರ್ ದೂರದಲ್ಲಿ, ಅಲ್ಲಿಂದ ಎರಡನೆಯದು ಸುಮಾರು 3.4. ಸ್ಕೇಲು ಹಿಡಿದು ಅಳೆದರೆ ಕೆಳಗಿಳಿದಂತೆ ಮೆಟ್ಟುಗಳು ಹತ್ತಿರವಾಗುವುದು ಕಾಣುತ್ತದೆ. ಪೀಪ್ಸ್‌ನ ಕಾಲದಲ್ಲಿ ಈ ಮೆಟ್ಟುಗಳು ಲೋಹದವಲ್ಲ, ಪ್ರಾಣಿಯ ಕರುಳಿನ ದಾರವನ್ನು ಕತ್ತಿಗೆ ಬಿಗಿದು ಕಟ್ಟಿದವು. ತಂತಿಯೂ ಕರುಳಿನದೇ. ಈಗಿನಂತೆ ಆರು ತಂತಿಗಳಲ್ಲ, ಐದು ಜೋಡಿ.

ಇಷ್ಟೆಲ್ಲ ವಾದ್ಯ ಬಲ್ಲವನಿಗೆ ಈ ಗಿಟಾರ್ ಮಾತ್ರ ಹಿಡಿಸಿರಲಿಲ್ಲ ಎಂಬುದೇ ವಿಚಿತ್ರ. 1661ರಲ್ಲಿ ಒಬ್ಬರು ಚೆನ್ನಾಗಿ ನುಡಿಸಿದ್ದನ್ನು ಕೇಳಿಯೂ, ಅದೊಂದು ಆಟಿಕೆ ಅಷ್ಟೇ ಎಂದು ಬರೆದ. 1667ರ ಆಗಸ್ಟ್ 5ರಂದು ಅರಮನೆಯಲ್ಲಿ, ರಾಜನ ತಮ್ಮನ ಕೋಣೆಯಲ್ಲಿ, ಫ್ರಾನ್ಸೆಸ್ಕೊ ಎಂಬ ಇಟಲಿಯವನು ಗಿಟಾರ್ ಶ್ರುತಿ ಮಾಡುತ್ತಿದ್ದ. ಆ ಕಾಲಕ್ಕೆ ಗಿಟಾರ್ ವಾದನದಲ್ಲಿ ಹೆಸರಾಂತ ಫ್ರಾನ್ಸೆಸ್ಕೊ ಕಾರ್ಬೆಟ್ಟ ಇವನೇ. ಪೀಪ್ಸ್‌ಗಾಗಿಯೇ ಸ್ವಲ್ಪ ನುಡಿಸಿದ. ಪೀಪ್ಸ್ ಬೆರಗಾದ. ಇಷ್ಟು ಸಾಧನೆಯನ್ನು ಇಂಥ ಕೆಟ್ಟ ವಾದ್ಯದ ಮೇಲೆ ವ್ಯರ್ಥ ಮಾಡಿದನಲ್ಲ ಎಂದು ವ್ಯಥೆಪಟ್ಟ! ಲ್ಯೂಟ್ ಗಂಭೀರ, ಗಿಟಾರ್ ಗಲಾಟೆ ಎಂಬ ಭಾವನೆ ಅಂದೂ ಇತ್ತು. ಇಂದು ಎಷ್ಟೋ ಮನೆಗಳಲ್ಲಿ ವೀಣೆಯನ್ನೂ ಗಿಟಾರನ್ನೂ ಕುರಿತು ಕೇಳಿಬರುವ ವಾದಕ್ಕೆ ಮುನ್ನೂರೈವತ್ತು ವರ್ಷ ದಾಟಿದೆ.

1669ರಲ್ಲಿ ಕಣ್ಣು ಪೂರಾ ಹೋಗುತ್ತದೆಂಬ ಭಯದಿಂದ ಪೀಪ್ಸ್ ದಿನಚರಿ ನಿಲ್ಲಿಸಿದ. ಕಣ್ಣೇನೋ ಉಳಿಯಿತು. ಆದರೆ ಅದೇ ನವೆಂಬರಿನಲ್ಲಿ ಎಲಿಜಬೆತ್ ಜ್ವರದಿಂದ ತೀರಿಕೊಂಡಳು, ಇಪ್ಪತ್ತೊಂಬತ್ತರ ಪ್ರಾಯದಲ್ಲಿ. ಆತ ಮತ್ತೆ ಮದುವೆಯಾಗಲಿಲ್ಲ. 1673ರಲ್ಲಿ ನೌಕಾಡಳಿತದ ಕಾರ್ಯದರ್ಶಿಯಾದ. ಹಡಗಿನ ಲೆಫ್ಟಿನೆಂಟ್ ಆಗಬೇಕಾದರೆ ಪರೀಕ್ಷೆಯಲ್ಲಿ ಪಾಸಾಗಲೇಬೇಕೆಂಬ ನಿಯಮವನ್ನು 1677ರಲ್ಲಿ ತಂದವನು ಮಗ್ಗಿ ಗೊತ್ತಿಲ್ಲದೆ ಕೆಲಸಕ್ಕೆ ಸೇರಿದ್ದ ಇದೇ ಮನುಷ್ಯ.

ದೊಡ್ಡ ಹುದ್ದೆ, ಬರಿದಾದ ಮನೆ. 1675ರಲ್ಲಿ ಸ್ನೇಹಿತನೊಬ್ಬನ ಶಿಫಾರಸಿನ ಮೇಲೆ ಲಿಸ್ಬನ್ನಿನಿಂದ ಚೆಸಾರೆ ಮೊರೆಲ್ಲಿ ಎಂಬ ಗಾಯಕ ಬಂದು ಅವನ ಮನೆಯಲ್ಲೇ ನೆಲೆಸಿದ. ಮೊರೆಲ್ಲಿಯ ಕೈಯಲ್ಲಿದ್ದುದು ಗಿಟಾರ್. ಪೀಪ್ಸ್‌ನದು ತಗ್ಗಿನ ಕಂಠ. ಅದಕ್ಕೆ ಹೊಂದುವಂತೆ ಹಾಡುಗಳನ್ನು ಇಳಿಸಿ, ಪಕ್ಕದಲ್ಲಿ ಗಿಟಾರಿಗೆ ಎಲ್ಲೆಲ್ಲಿ ಬೆರಳಿಡಬೇಕೆಂದು ಗುರುತು ಹಾಕಿ ಬರೆದುಕೊಟ್ಟ. ಸ್ವರಲಿಪಿಯ ತೊಡಕಿಲ್ಲ, ಯಾವ ತಂತಿ, ಯಾವ ಮೆಟ್ಟು ಎಂದಷ್ಟೇ ಹೇಳುವ ಪದ್ಧತಿ ಅದು. ಒಂದು ಹಿಡಿತದಲ್ಲಿ ನಾಲ್ಕೈದು ಸ್ವರ ಒಟ್ಟಿಗೆ ಮೊಳಗುತ್ತದೆ, ಮೇಲೆ ಹಾಡಿಕೊಳ್ಳಬಹುದು. ದಣಿದು ಬಂದ ಹವ್ಯಾಸಿಗೆ ಇದಕ್ಕಿಂತ ಬೇರೆ ಬೇಕೇ? ಆಟಿಕೆ ಎಂದು ತಳ್ಳಿದ್ದ ವಾದ್ಯವನ್ನು ಪೀಪ್ಸ್ ನಲವತ್ತು ದಾಟಿದ ಮೇಲೆ ತೊಡೆಯ ಮೇಲಿಟ್ಟುಕೊಂಡ.

ಆ ವಾದ್ಯದ ಗುರುವಿನ ನೆಪದಲ್ಲೇ ಅವನ ಕುತ್ತಿಗೆಗೆ ಬಂತು. 1678ರಲ್ಲಿ, ಕ್ಯಾಥೊಲಿಕರು ರಾಜನನ್ನು ಕೊಲ್ಲಲು ಸಂಚು ಹೂಡಿದ್ದಾರೆಂಬ ಸುಳ್ಳು ಸುದ್ದಿ ಹಬ್ಬಿ ಇಂಗ್ಲೆಂಡಿಗೆ ಹುಚ್ಚು ಹಿಡಿದಂತಾಯಿತು. ನಿರಪರಾಧಿಗಳು ನೇಣಿಗೇರಿದರು. ಕ್ಯಾಥೊಲಿಕರು ಲಂಡನ್ನಿನಿಂದ ಹತ್ತು ಮೈಲಿ ಆಚೆ ಹೋಗಬೇಕೆಂದು ಆಜ್ಞೆಯಾಯಿತು. ಮೊರೆಲ್ಲಿ ಕ್ಯಾಥೊಲಿಕ್, ಬ್ರೆಂಟ್‌ವುಡ್ ಎಂಬ ಊರಿಗೆ ಹೊರಟುಹೋದ. ಆದರೆ ಪೀಪ್ಸ್‌ನ ಮನೆಯಲ್ಲಿ ಹಿಂದೆ ಕೆಲಸಕ್ಕಿದ್ದ ಜಾನ್ ಜೇಮ್ಸ್ ಎಂಬ ಬಟ್ಲರನಿಗೆ ಹಳೆಯ ಹಗೆಯಿತ್ತು. ಅವನ ದುರ್ನಡತೆ ಮೊರೆಲ್ಲಿಯ ಕಣ್ಣಿಗೆ ಬಿದ್ದು, ಅದರಿಂದ ಕೆಲಸ ಹೋಗಿತ್ತು. ಮೊರೆಲ್ಲಿ ಸಂಗೀತಗಾರನೇ ಅಲ್ಲ, ವೇಷ ಮರೆಸಿದ ಪಾದ್ರಿ. ಪೀಪ್ಸ್ ಕೂಡ ಒಳಗೊಳಗೇ ಕ್ಯಾಥೊಲಿಕ್ ಎಂದು ಅವನು ದೂರು ಹೇಳಿದ. ನೌಕಾಪಡೆಯ ಗುಟ್ಟುಗಳನ್ನು ಫ್ರಾನ್ಸಿಗೆ ಮಾರಿದನೆಂದು ಇನ್ನೊಬ್ಬ ಸೇರಿಸಿದ. ಸಾಬೀತಾಗಿದ್ದರೆ ಮರಣದಂಡನೆ. 1679ರ ಮೇ ತಿಂಗಳಲ್ಲಿ ಪೀಪ್ಸ್‌ನನ್ನು ಲಂಡನ್ ಗೋಪುರದ ಸೆರೆಮನೆಗೆ ಹಾಕಿದರು.

ಪೀಪ್ಸ್ ಕೂತು ಅಳುವ ಜಾತಿಯವನಲ್ಲ. ಕಚೇರಿಯ ಕಾಗದ ಜೋಡಿಸಿದಷ್ಟೇ ಅಚ್ಚುಕಟ್ಟಾಗಿ ಆರೋಪ ಮಾಡಿದವರ ಪೂರ್ವೋತ್ತರಗಳನ್ನು ಹುಡುಕಿಸಿ ದಾಖಲೆ ಕಲೆಹಾಕಿದ. ಜುಲೈನಲ್ಲಿ ಜಾಮೀನು ಸಿಕ್ಕಿತು. ಜೇಮ್ಸ್ ಸಾಯುವ ಮುನ್ನ ತನ್ನ ಮಾತು ಸುಳ್ಳೆಂದು ಒಪ್ಪಿಕೊಂಡ. 1680ರಲ್ಲಿ ಮೊಕದ್ದಮೆ ಬಿದ್ದುಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಆ ಗುರುವಿನ ಹೆಸರೆತ್ತಲೂ ಹೆದರುತ್ತಿದ್ದರು. ಪೀಪ್ಸ್ ಗುರುವಿನೊಂದಿಗಿನ ಸಂಬಂಧ ಬಿಡಲಿಲ್ಲ. ಮೊರೆಲ್ಲಿ ಸಿದ್ಧಪಡಿಸಿಕೊಟ್ಟ ಗಿಟಾರ್ ಕೋಷ್ಟಕಕ್ಕೆ ಇರುವ ವರ್ಷ 1680! ಯಾವ ಸ್ವರಸಮೂಹಕ್ಕೆ ಬೆರಳು ಹೇಗಿಡಬೇಕೆಂದು ತೋರಿಸುವ ಕೋಷ್ಟಕ ಅದು, ಗಿಟಾರಿನ ಮಗ್ಗಿ ಎನ್ನಬಹುದು. 1681ರಲ್ಲಿ ಪೀಪ್ಸ್‌ಗೆ ಜ್ವರ ಬಂದಾಗ ಮೊರೆಲ್ಲಿ ಬ್ರೆಂಟ್‌ವುಡ್ಡಿನಿಂದ ಒಂದು ಉಪಾಯ ಬರೆದ: ಕೈಕಾಲುಗಳ ಉಗುರಿನ ಚೂರು, ನೆತ್ತಿಯ ಮೂರು ಎಳೆ ಕೂದಲು ಕಳಿಸಿದರೆ, ಅಲ್ಲಿರುವ ಒಬ್ಬ ಕೂತಲ್ಲೇ ಗುಣಪಡಿಸುತ್ತಾನಂತೆ. ಬರೆದದ್ದು ರಾಯಲ್ ಸೊಸೈಟಿಯ ಸದಸ್ಯನಿಗೆ! ಗಿಟಾರ್ ಗುರು ವೈದ್ಯದಲ್ಲಿ ಸ್ವಲ್ಪ ಹಿಂದೆ.

1684ರಲ್ಲಿ ಪೀಪ್ಸ್ ಆ ಸೊಸೈಟಿಗೇ ಅಧ್ಯಕ್ಷನಾದ. ನ್ಯೂಟನ್ನನ ‘ಪ್ರಿನ್ಸಿಪಿಯ’ ಗ್ರಂಥದ ಮುಖಪುಟದಲ್ಲಿ, ಅಚ್ಚಿಗೆ ಅನುಮತಿ ಕೊಟ್ಟವನೆಂದು ಪೀಪ್ಸ್‌ನ ಹೆಸರಿದೆ. 1703ರಲ್ಲಿ ಆತ ತೀರಿಕೊಂಡ. ಸುಮಾರು ಮೂರು ಸಾವಿರ ಪುಸ್ತಕಗಳ ಅವನ ಭಂಡಾರ 1724ರಲ್ಲಿ ಅವನು ಓದಿದ ಮಾಡ್ಲಿನ್ ಕಾಲೇಜನ್ನು ಸೇರಿತು. ಒಂದನ್ನೂ ಸೇರಿಸಬಾರದು, ಒಂದನ್ನೂ ತೆಗೆಯಬಾರದು ಎಂಬುದು ಅವನ ಕಟ್ಟಳೆ. ದಿನಚರಿಯ ಆರು ಸಂಪುಟಗಳು ಅಲ್ಲಿವೆ. ಮೊರೆಲ್ಲಿ ಕೈಬರಹದಲ್ಲಿ ಸಿದ್ಧಪಡಿಸಿಕೊಟ್ಟ ಹಾಡಿನ ಸಂಪುಟಗಳೂ ಇವೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಆಡುವ ಪ್ರಸಿದ್ಧ ಸ್ವಗತವನ್ನು 1664ರಲ್ಲಿ ಪೀಪ್ಸ್ ಬಾಯಿಪಾಠ ಮಾಡಿದ್ದ. ಅದಕ್ಕೂ ಹಾಡಿನ ಮಟ್ಟು ಹಾಕಿ ಗಿಟಾರ್ ಕೂಡಿಸಿದ್ದು ಆ ಸಂಗ್ರಹದಲ್ಲಿ ಉಳಿದಿದೆ. 1665ರಲ್ಲಿ ಪೀಪ್ಸ್ ತಾನೇ ರಾಗ ಹಾಕಿ, ಸ್ನೇಹಿತರ ಮುಂದೆ ಹಾಡಿ ಹಿಗ್ಗಿದ ಒಂದು ಪ್ರೇಮಗೀತೆಯೂ ಅಲ್ಲಿದೆ, ತಗ್ಗಿನ ಕಂಠಕ್ಕೆ ಇಳಿಸಿ, ಗಿಟಾರಿಗೆ ಬರೆದದ್ದು.