ಜಗುಲಿಯ ಮಾತು: ಕರಡಿಯ ವ್ಯಾಜ್ಯ



ಸಮಾಸಗಳ ವಿಷಯವನ್ನು ಈ ತಿಂಗಳು ಎತ್ತಿಕೊಳ್ಳುವೆನೆಂದು ಕಳೆದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆನಷ್ಟೆ. ಆ ಮಾತನ್ನು ಈಗ ನಡೆಸಲಾರದವನಾಗಿದ್ದೇನೆ. ನಮ್ಮ ಜಗುಲಿಯ ಮೇಲೆ ಹುಟ್ಟಿದ ಒಂದು ವ್ಯಾಜ್ಯದಲ್ಲಿ ನಾನು ಮಧ್ಯಸ್ಥನಾಗಿ ಕುಳಿತು, ಬಹಳ ಗಂಭೀರವಾಗಿ, ತಪ್ಪು ತೀರ್ಪನ್ನು ಕೊಟ್ಟೆನು. ಅದನ್ನು ಮೊದಲು ಒಪ್ಪಿಸಿಬಿಡದೆ ಬೇರೆ ವಿಷಯಕ್ಕೆ ಕೈಹಾಕಲು ಮನಸ್ಸು ಒಡಂಬಡದು.

ವ್ಯಾಜ್ಯಗಾರರಲ್ಲಿ ಒಬ್ಬನು ನನ್ನ ಮಗಳ ಮಗ. ಇನ್ನೊಬ್ಬಳು ಪಕ್ಕದ ಮನೆಯ ಹುಡುಗಿ. ಇಬ್ಬರಿಗೂ 13 ವರ್ಷ. ವ್ಯಾಜ್ಯದ ವಸ್ತು ಒಂದು ಕರಡಿ, ಅದೂ ಕಾಗದದ ಎಲೆಯ ಮೇಲೆ ಬರೆದ ಕರಡಿ. ಮಕ್ಕಳಾಟದ ಮಾತೆಂದು ಹಿರಿಯರು ಪುಟವನ್ನು ಮಗುಚಬಾರದಾಗಿ ಬೇಡುತ್ತೇನೆ. ಆಟದಲ್ಲಿ ಆದ ಅನ್ಯಾಯವನ್ನು ಮಕ್ಕಳು ಎಷ್ಟು ಕಾಲ ನೆನಪಿನಲ್ಲಿಡುತ್ತಾರೆಂಬುದು, ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿದ ನನಗೆ ತಿಳಿಯದ ಸಂಗತಿಯಲ್ಲ.

ಆಟದ ಹೆಸರು ಮ್ಯಾಜಿಕ್: ದಿ ಗ್ಯಾದರಿಂಗ್. ಇದನ್ನು ಕಲ್ಪಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು. ಅಮೆರಿಕಾದ ವಾಷಿಂಗ್ಟನ್ ಸಂಸ್ಥಾನದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪೆನಿಯವರು ಇದನ್ನು 1993ರಲ್ಲಿ ಹೊರಡಿಸಿದರು. ಮೊದಲ ಮುದ್ರಣದಲ್ಲಿ 295 ಬಗೆಯ ಎಲೆಗಳಿದ್ದುವು. ಈಗ ಅವು 25,000ವನ್ನು ಮೀರಿವೆ. ಒಳಗೆ ಏನಿದೆಯೆಂದು ತಿಳಿಯದ ಪೊಟ್ಟಣಗಳನ್ನು ಕೊಂಡು, ಬೇಡದುದನ್ನು ಸ್ನೇಹಿತರಿಗೆ ಕೊಟ್ಟು, ಬೇಕಾದುದನ್ನು ಅವರಿಂದ ಪಡೆದು, ಕಡೆಗೆ 60 ಎಲೆಗಳ ಒಂದು ಕಟ್ಟನ್ನು ತನ್ನದೆಂದು ಮಾಡಿಕೊಂಡು ಆಡಬೇಕು. ದುಡ್ಡಿನ ಮಟ್ಟಿಗೆ ಇದು ಒಳ್ಳೆಯ ಅಭ್ಯಾಸವೇ ಎಂದು ಕೇಳಿದರೆ ನಾನು ಹೌದೆನ್ನಲಾರೆ. ಆದರೆ ಬುದ್ಧಿಯ ಮಟ್ಟಿಗೆ ಇದು ಸಾಮಾನ್ಯವಾದುದಲ್ಲ.

ಏಕೆಂದರೆ ನಮ್ಮ ಇಸ್ಪೀಟಿನ ಎಲೆ ಮೂಕ. ರಾಜನಾಗಲಿ ರಾಣಿಯಾಗಲಿ ತಾನಾಗಿ ಏನನ್ನೂ ಹೇಳುವುದಿಲ್ಲ. ಅದಕ್ಕೆ ಬೆಲೆ ಕಟ್ಟುವುದು ಆಟದ ಕಟ್ಟಳೆ. ಈ ಆಟದ ಎಲೆಯಾದರೋ ಮಾತನಾಡುತ್ತದೆ. ಬಹುಮಟ್ಟಿಗೆ ಪ್ರತಿಯೊಂದರ ಮೇಲೂ ಒಂದೆರಡು ವಾಕ್ಯಗಳಿವೆ. ಒಂದೊಂದು ವಾಕ್ಯವೂ ಒಂದೊಂದು ವಿಧಿ. 1993ರಲ್ಲಿ ಬರೆದ ವಿಧಿಯು ಮೊನ್ನೆ ಬರೆದ ವಿಧಿಯ ಎದುರಿಗೆ ಬಂದು ನಿಲ್ಲಬಹುದು. ಆಗ ಯಾವುದು ಪ್ರಬಲ, ಯಾವುದು ದುರ್ಬಲ? ಪಾಣಿನಿಯ ಸುಮಾರು 4,000 ಸೂತ್ರಗಳೊಡನೆ ಹೆಣಗಿದವನಿಗೆ ಇಂತಹ ಪ್ರಶ್ನೆಯೆಂದರೆ ತವರುಮನೆಯ ಊಟವಿದ್ದಂತೆ. ನನ್ನ ಗರ್ವಕ್ಕೆ ಕಾರಣವಾದುದೂ ಇದೇ.

ಈಗ ವ್ಯಾಜ್ಯಕ್ಕೆ ಬರೋಣ. ಆಟಗಾರನಿಗೆ ಮೊದಲಿಗೆ 20 ಅಂಶ ಆಯುಸ್ಸು. ಅದು ಸೊನ್ನೆಯಾದರೆ ಸೋಲು. ಪ್ರಾಣಿಯ ಎಲೆಯ ಮೇಲೆ ಎರಡು ಅಂಕಿಗಳಿರುತ್ತವೆ: ಒಂದು ಅದು ಕೊಡುವ ಪೆಟ್ಟು, ಇನ್ನೊಂದು ಅದು ತಾಳುವ ಪೆಟ್ಟು. ಎಲೆಯನ್ನು ಅಡ್ಡಲಾಗಿ ತಿರುಗಿಸಿದರೆ ಪ್ರಾಣಿಯು ಎದುರಾಳಿಯ ಮೇಲೆ ಹೊರಟಿತೆಂದು ಅರ್ಥ. ಹುಡುಗಿಯ ಬಳಿ ಗ್ರಿಜ್ಲಿ ಬೇರ್ಸ್ ಎಂಬ ಕರಡಿ ಇದ್ದಿತು. (ಹೆಸರು ಬಹುವಚನ, ಪ್ರಾಣಿ ಒಂದೇ, ಇದು ಗೌರವಾರ್ಥವಿರಬಹುದೆಂದು ನಾನು ಹೇಳಿದ ಹಾಸ್ಯಕ್ಕೆ ಯಾರೂ ನಗಲಿಲ್ಲ.) ಅದರ ಅಂಕಿಗಳು ಎರಡು, ಎರಡು. ಮೊಮ್ಮಗನ ಆಯುಸ್ಸು ಇಳಿದು ಇಳಿದು ಎರಡಕ್ಕೆ ಬಂದಿದ್ದಿತು. ಅಡ್ಡ ನಿಲ್ಲಿಸಲು ಅವನ ಬಳಿ ಯಾವ ಪ್ರಾಣಿಯೂ ಇರಲಿಲ್ಲ. ಕರಡಿಯು ಇನ್ನೊಂದು ಸರದಿ ಬದುಕಿದರೆ ಅವನ ಆಟ ಮುಗಿದಂತೆಯೇ.

ಅವನು ತನ್ನ ಸರದಿಯಲ್ಲಿ ಲೈಟ್ನಿಂಗ್ ಬೋಲ್ಟ್ ಎಂಬ ಸಿಡಿಲನ್ನು ಕರಡಿಯ ಮೇಲೆ ಬಿಟ್ಟನು. ಅದರ ಪೆಟ್ಟು ಮೂರು. ಹುಡುಗಿಯು ಕೂಡಲೆ ಜೈಂಟ್ ಗ್ರೋತ್ ಎಂಬ ಎಲೆಯನ್ನು ಇಟ್ಟಳು. ಇದು ಪ್ರಾಣಿಗೆ ಆ ಸರದಿ ಮುಗಿಯುವವರೆಗೆ ಮೂರು ಬಲವನ್ನೂ ಮೂರು ತಾಳಿಕೆಯನ್ನೂ ಕೂಡಿಸುತ್ತದೆ. ಮಹಾವೃದ್ಧಿ ಎನ್ನೋಣ, ವೈಯಾಕರಣರು ಆ, ಐ, ಔ ಎಂದು ತಿಳಿಯಬಾರದು. ಸಿಡಿಲು ಮೊದಲು ಹೊರಟಿತಾದರೂ ಮೊದಲು ಫಲ ಕೊಡುವುದು ವೃದ್ಧಿಯೇ. ಆಡಿದ ಎಲೆಗಳು ಸ್ಟ್ಯಾಕ್ ಎಂಬ ರಾಶಿಯಲ್ಲಿ, ತೊಳೆದ ತಟ್ಟೆಗಳ ಹಾಗೆ, ಒಂದರ ಮೇಲೊಂದು ಕೂಡುತ್ತವೆ; ಮೇಲಿನದನ್ನು ತೆಗೆಯದೆ ಕೆಳಗಿನದು ಬಾರದು. 1999ರ ಆರನೆಯ ಆವೃತ್ತಿಯಿಂದ ಈ ಕ್ರಮ ನಡೆದುಬಂದಿದೆ. ಆದುದರಿಂದ ಈ ಆಟದಲ್ಲಿ ಮೊದಲು ಬಾಯಿ ಬಿಟ್ಟವನಿಗೇ ಕಷ್ಟ. ಅವಳು ಮೊದಲೇ ವೃದ್ಧಿಯನ್ನು ಆಡಿದ್ದು, ಅವನು ಅದರ ಮೇಲೆ ಸಿಡಿಲನ್ನು ಇಟ್ಟಿದ್ದರೆ, ಕರಡಿಯು ಬೆಳೆಯುವುದಕ್ಕೆ ಮುಂಚೆಯೇ ಸತ್ತು ವೃದ್ಧಿಯು ನಿರಾಶ್ರಯವಾಗಿ ವ್ಯರ್ಥವಾಗುತ್ತಿತ್ತು. ಇಷ್ಟರ ಮಟ್ಟಿಗೆ ಇಬ್ಬರಿಗೂ ತಕರಾರಿರಲಿಲ್ಲ. ಕರಡಿ ಐದು, ಐದಾಯಿತು. ಮೂರು ಪೆಟ್ಟನ್ನು ತಿಂದು ನಿಂತಿತು.

ತಕರಾರು ಹುಟ್ಟಿದ್ದು ಸರದಿಯ ಕೊನೆಯಲ್ಲಿ. ಮೊಮ್ಮಗನೆಂದನು: "ಈಗ ವೃದ್ಧಿ ಹೋಯಿತು. ಕರಡಿ ತಾಳುವುದು ಎರಡೇ. ಮೈಮೇಲೆ ಪೆಟ್ಟು ಮೂರಿದೆ. ಕರಡಿ ಸತ್ತಿತು." ಹುಡುಗಿಯು "ಇಲ್ಲ, ಸಾಯುವುದಿಲ್ಲ" ಎಂದಳು. ಇಬ್ಬರೂ ನನ್ನ ಕಡೆಗೆ ತಿರುಗಿದರು.

ನಾನು ಕನ್ನಡಕವನ್ನು ಒರೆಸಿಕೊಂಡು, ನಿಮಿತ್ತವು ತೊಲಗಿದರೆ ನೈಮಿತ್ತಿಕವೂ ತೊಲಗತಕ್ಕದ್ದೆಂಬ ನ್ಯಾಯವನ್ನು ಸಂಸ್ಕೃತದಲ್ಲಿಯೇ ಹೇಳಿ, ಅರ್ಥವನ್ನೂ ವಿವರಿಸಿದೆನು. ಕರಡಿ ಬದುಕಿದ್ದಕ್ಕೆ ವೃದ್ಧಿ ನಿಮಿತ್ತ. ವೃದ್ಧಿ ಹೋದುದರಿಂದ ಬದುಕೂ ಹೋಯಿತು. ಹುಡುಗಿ ಮರುಮಾತಾಡಲಿಲ್ಲ. ಎಲೆಗಳನ್ನು ಡಬ್ಬಿಗೆ ತುಂಬಿಕೊಂಡು, "ಬರುತ್ತೇನೆ ತಾತ" ಎಂದು ಹೊರಟುಹೋದಳು. ಮರುದಿನ ಬರಲಿಲ್ಲ, ಆ ವಾರವೆಲ್ಲ ಬರಲಿಲ್ಲ. ಪರೀಕ್ಷೆಯಿರಬೇಕೆಂದುಕೊಂಡೆನು.

ನಿಜವನ್ನು ಹೇಳುವುದಾದರೆ, ಆ ತೀರ್ಪು ನನಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ಈ ಪುಟಗಳಲ್ಲಿ ಬರೆದು ಮೆಚ್ಚುಗೆ ಪಡೆಯಬೇಕೆಂದಿದ್ದೆನು. ಬರೆಯುವ ಮುನ್ನ ಮೂಲವನ್ನು ನೋಡುವುದು ನನ್ನ ಹಳೆಯ ಪದ್ಧತಿ. ಕಂಪೆನಿಯವರು ಆಟದ ಸಮಗ್ರ ನಿಯಮಾವಳಿಯನ್ನು ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಮಾಡಿದ್ದಾರೆ. 250ಕ್ಕೂ ಮಿಕ್ಕ ಪುಟಗಳು, ಅಂಕಿ ಹಾಕಿದ ಸೂತ್ರಗಳು. ಅದರಲ್ಲಿ 514ನೆಯ ಪ್ರಕರಣವು ಸರದಿಯ ಕೊನೆಯ ಘಟ್ಟವನ್ನು ಕುರಿತದ್ದು. ಅಲ್ಲಿ ಮೊದಲು, ಸರದಿಯವನ ಕೈಯಲ್ಲಿ ಏಳಕ್ಕಿಂತ ಹೆಚ್ಚು ಎಲೆಗಳಿದ್ದರೆ ಹೆಚ್ಚಿನವನ್ನು ಬಿಸಾಡಬೇಕೆಂದಿದೆ. ಅನಂತರ, ಪ್ರಾಣಿಗಳ ಮೈಮೇಲಿನ ಪೆಟ್ಟುಗಳೆಲ್ಲ ಅಳಿಯುವುದೂ, ಸರದಿಯವರೆಗೆ ಮಾತ್ರ ನಿಲ್ಲುವ ಪ್ರಭಾವಗಳೆಲ್ಲ ಮುಗಿಯುವುದೂ ಒಂದೇ ಕಾಲದಲ್ಲಿ ಆಗುತ್ತವೆಂದಿದೆ. ಯುಗಪತ್! ಒಂದಾದ ಮೇಲೊಂದಲ್ಲ. ವೃದ್ಧಿ ಹೋಗುವ ಕ್ಷಣದಲ್ಲಿಯೇ ಗಾಯವೂ ಹೋಗುತ್ತದೆ. ಎರಡು ತಾಳಿಕೆಯ ಕರಡಿಯು ಮೂರು ಪೆಟ್ಟನ್ನು ಹೊತ್ತು ನಿಂತಿರುವ ಕ್ಷಣವೇ ಇಲ್ಲ. ಕರಡಿ ಬದುಕಿತ್ತು. ಆಟ ಹುಡುಗಿಯದಾಗಿತ್ತು.

ನನ್ನ ನ್ಯಾಯ ಸುಳ್ಳೇ ಎಂದು ರಾತ್ರಿ ಬಹಳ ಹೊತ್ತು ಯೋಚಿಸಿದೆನು. ಸುಳ್ಳಲ್ಲ, ತಪ್ಪು ಸ್ಥಳದಲ್ಲಿ ತಂದಿಟ್ಟೆನು. 2003ರಲ್ಲಿ ಬಂದ ಪ್ಲಾಟಿನಮ್ ಏಂಜಲ್ ಎಂಬ ದೇವಕನ್ಯೆಯ ಎಲೆಯನ್ನು ನೋಡಿ. ಆಯುಸ್ಸು ಸೊನ್ನೆಯಾದವನು ಸೋತನೆಂಬುದು ಉತ್ಸರ್ಗ. ಇವಳಿರುವಾಗ ಒಡೆಯನು ಸೋಲಲಾರನು, ಎದುರಾಳಿಯು ಗೆಲ್ಲಲಾರನು ಎಂಬುದು ಎಲೆಯ ಮಾತು, ಅಪವಾದ. ಸಾಮಾನ್ಯ ನಿಯಮಕ್ಕೂ ಎಲೆಯ ಮಾತಿಗೂ ವಿರೋಧ ಬಂದರೆ ಎಲೆಯ ಮಾತೇ ನಡೆಯತಕ್ಕದ್ದೆಂದೂ, ವಿಧಿ ನಿಷೇಧಗಳು ಎದುರಾದರೆ ನಿಷೇಧವೇ ಗೆಲ್ಲುವುದೆಂದೂ ನಿಯಮಾವಳಿಯ ಮೊದಲಿನಲ್ಲಿಯೇ ಇದೆ. ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಯುಸ್ಸು ಸೊನ್ನೆಗಿಂತ ಕೆಳಗಿಳಿದರೂ ಆ ಮಹಾರಾಯನು ಆಡುತ್ತಲೇ ಇರುತ್ತಾನೆ. ಆದರೆ ಕನ್ಯೆ ಸತ್ತಳೋ, ಅವನೂ ಅಲ್ಲಿಯೇ ಸೋತನು. ಇಲ್ಲಿ ನನ್ನ ನ್ಯಾಯ ಅಕ್ಷರಶಃ ಸಲ್ಲುತ್ತದೆ; ಏಕೆಂದರೆ ಆಟಗಾರನು ಕಳೆದುಕೊಂಡ ಆಯುಸ್ಸು ಸರದಿಯ ಕೊನೆಗೆ ತಾನಾಗಿ ಮರಳುವುದಿಲ್ಲ. ಪ್ರಾಣಿಯ ಗಾಯ ಮಾತ್ರ ಮಾಯುತ್ತದೆ. ಈ ಭೇದವನ್ನು ಹೇಳುವ ಪ್ರತ್ಯಕ್ಷ ವಚನವಿರುವಾಗ, ಅದನ್ನು ಹುಡುಕದೆ ನ್ಯಾಯವನ್ನು ಹೇರಿದೆನಲ್ಲ! ಮೀಮಾಂಸೆಯ ಮೊದಲ ಪಾಠದ ಹುಡುಗನೂ ಮಾಡಬಾರದ ಕೆಲಸ. ಈ ಆಟದ ದೊಡ್ಡ ಪಂದ್ಯಗಳಲ್ಲಿ ನಿರ್ಣಾಯಕನ ಮಾತು ಸರಿಕಾಣದಿದ್ದರೆ ಮುಖ್ಯ ನಿರ್ಣಾಯಕನಿಗೆ ಮೇಲ್ಮನವಿ ಉಂಟು. ನಮ್ಮ ಜಗುಲಿಯಲ್ಲಿ ಅದೂ ಇಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗನಿಗೆ ಸೂತ್ರವನ್ನು ತೋರಿಸಿದೆನು. ಅವನು ತಲೆ ತಗ್ಗಿಸಿದನು. ನಿನಗೆ ಮೊದಲೇ ಗೊತ್ತಿತ್ತೇ ಎಂದು ನಾನು ಕೇಳಲಿಲ್ಲ. ಸಂಜೆ ಪಕ್ಕದ ಮನೆಗೆ ಹೋದೆನು. ಹುಡುಗಿಯ ತಾಯಿ ಕಾಫಿ ತಂದಿಟ್ಟರು. ನಾನು ಸುತ್ತುಬಳಸದೆ, "ಆ ದಿನ ನಾನು ಹೇಳಿದ್ದು ತಪ್ಪಮ್ಮ, ಕರಡಿ ಸತ್ತಿರಲಿಲ್ಲ" ಎಂದೆನು.

"ನನಗೆ ಗೊತ್ತಿತ್ತು ತಾತ."

"ಗೊತ್ತಿದ್ದರೆ ಏಕೆ ಹೇಳಲಿಲ್ಲ?"

"ನೀವು ಸಂಸ್ಕೃತದಲ್ಲಿ ಹೇಳಿಬಿಟ್ಟಿರಲ್ಲ" ಎಂದಳು. ಸ್ವಲ್ಪ ತಡೆದು, "ಅಲ್ಲದೆ ಅವನು ನಿಮ್ಮ ಮೊಮ್ಮಗ" ಎಂದಳು.

ಕಾಫಿ ಗಂಟಲಲ್ಲಿಯೇ ನಿಂತಿತು. ತಾಯಿಯು ಗದರಿಸಹೋದರು, ಬೇಡವೆಂದು ತಡೆದೆನು. ಮಗು ಹೇಳಿದ್ದರಲ್ಲಿ ಗದರಿಸುವಂತಹುದೇನೂ ಇರಲಿಲ್ಲ.

ಹೊರಡುವಾಗ ಅವಳು ಎರಡು ಎಲೆಗಳನ್ನು ತಂದು ನನ್ನ ಮುಂದಿಟ್ಟು, "ಇದಕ್ಕೆ ಉತ್ತರ ಹೇಳಿ ತಾತ" ಎಂದಳು. ಪರೀಕ್ಷೆಯೆಂಬುದು ಸ್ಪಷ್ಟವಾಗಿತ್ತು. ಒಂದು, 1994ರಲ್ಲಿ ಬಂದ ಬ್ಲಡ್ ಮೂನ್, ಅಂದರೆ ರಕ್ತಚಂದ್ರ. ಆಟದಲ್ಲಿ ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಎಂದು ಐದು ಮೂಲಭೂಮಿಗಳಿವೆ. ಮೂಲವಲ್ಲದ ಭೂಮಿಗಳೆಲ್ಲ ಬೆಟ್ಟಗಳೆಂದು ಈ ಎಲೆ ಹೇಳುತ್ತದೆ. ಇನ್ನೊಂದು, 2007ರಲ್ಲಿ ಬಂದ ಉರ್ಬೋರ್ಗ್ ಎಂಬ ಭೂಮಿ. ಅದು ಮೂಲಭೂಮಿಯಲ್ಲ, ಎಲ್ಲ ಭೂಮಿಗಳೂ ತಮ್ಮ ಜಾತಿಯ ಜೊತೆಗೆ ಜೌಗೂ ಆಗುತ್ತವೆಂದು ಅದರ ಮಾತು. "ರಕ್ತಚಂದ್ರ ಮೊದಲು ಬಂದಿದೆ; ಉರ್ಬೋರ್ಗ್ ಆಮೇಲೆ ಬಂತು. ಈಗ ಜೌಗು ಇದೆಯೋ ಇಲ್ಲವೋ?"

ಪರವಾದುದೇ ಪ್ರಬಲವೆಂಬ ಉತ್ತರ ನಾಲಗೆಯ ತುದಿಗೆ ಬಂದಿತು. ಬಾಯನ್ನು ಮುಚ್ಚಿಕೊಂಡು, "ನಾಳೆ ಹೇಳುತ್ತೇನೆ" ಎಂದು ಮನೆಗೆ ಬಂದೆನು.

ಉತ್ತರ 613ನೆಯ ಪ್ರಕರಣದಲ್ಲಿ ದೊರೆಯಿತು. ನಿಂತು ನಡೆಯುವ ಪ್ರಭಾವಗಳನ್ನು ಅಲ್ಲಿ ಏಳು ಪದರಗಳಾಗಿ ವಿಂಗಡಿಸಿದ್ದಾರೆ. ಜಾತಿಯನ್ನು ಬದಲಿಸುವುದು ನಾಲ್ಕನೆಯದು. ನಮ್ಮ ಎರಡು ಎಲೆಗಳೂ ಅದೇ ಪದರಕ್ಕೆ ಸೇರಿದುವು. ಒಂದೇ ಪದರದಲ್ಲಿ ಕಾಲಕ್ರಮದಿಂದ ಹಿಂದಿನದು ಹಿಂದೆ, ಮುಂದಿನದು ಮುಂದೆ ನಡೆಯಬೇಕೆಂಬುದು ಸಾಮಾನ್ಯ. ಆದರೆ ಒಂದನ್ನು ನಡೆಸುವುದರಿಂದ ಇನ್ನೊಂದರ ಇರವಿಗೇ ಬಾಧೆ ಬರುವುದಾದರೆ, ಬಾಧೆಗೆ ಒಳಗಾಗುವುದು ಕಾದು ನಿಲ್ಲಬೇಕು. ಅಲ್ಲಿ ಕಾಲವನ್ನು ಎಣಿಸಬಾರದು. ರಕ್ತಚಂದ್ರನನ್ನು ನಡೆಸಿದರೆ ಉರ್ಬೋರ್ಗ್ ಬರಿಯ ಬೆಟ್ಟವಾಗುತ್ತದೆ, ತನ್ನ ಮಾತನ್ನೇ ಕಳೆದುಕೊಳ್ಳುತ್ತದೆ. ಉರ್ಬೋರ್ಗನ್ನು ನಡೆಸಿದರೆ ರಕ್ತಚಂದ್ರನಿಗೆ ಏನೂ ಆಗದು. ಜೌಗು ಸೇರಿದರೂ ಮೂಲವಲ್ಲದ ಭೂಮಿ ಮೂಲವಾಗುವುದಿಲ್ಲವಷ್ಟೆ. ಆದುದರಿಂದ ಯಾವುದು ಮೊದಲು ಬಂದಿದ್ದರೂ ನಡೆಯುವುದು ರಕ್ತಚಂದ್ರನೇ. ಉರ್ಬೋರ್ಗಿನ ದೆಸೆಯಿಂದ ಒಂದು ಅಂಗೈಯಷ್ಟು ಜೌಗೂ ಹುಟ್ಟದು.

ಇದನ್ನು ಓದಿದಾಗ ನನಗಾದ ಆನಂದವನ್ನು ವ್ಯಾಕರಣ ಬಲ್ಲ ವಾಚಕರು ಊಹಿಸಿಕೊಳ್ಳಬಹುದು. ಇನ್ನೊಂದು ವಿಧಿ ನಡೆದರೂ ನಡೆಯದಿದ್ದರೂ ಯಾವುದಕ್ಕೆ ಪ್ರಸಕ್ತಿಯಿದೆಯೋ ಅದನ್ನು ನಮ್ಮವರು ನಿತ್ಯವೆನ್ನುತ್ತಾರೆ; ನಿತ್ಯವು ಪರವನ್ನು ಗೆಲ್ಲುತ್ತದೆ. ರಕ್ತಚಂದ್ರ ನಿತ್ಯ, ಉರ್ಬೋರ್ಗ್ ಅನಿತ್ಯ. ಆ ದೇಶದವರು ಪಾಣಿನೀಯವನ್ನು ನೋಡಿ ಬರೆದರೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರ ಸಂಗವೂ ನನಗೆ ಸೇರದು. ಸಾವಿರಾರು ವಿಧಿಗಳು ಒಂದೆಡೆ ಸೇರಿದರೆ ಇಂತಹ ಬಲಾಬಲ ವಿಚಾರ ಎಲ್ಲಿಯಾದರೂ ಹುಟ್ಟಲೇಬೇಕು. ಅಲ್ಲದೆ ಈ ಹೊಂದಿಕೆ ನನಗೆ ಕಂಡದ್ದು ಪುಸ್ತಕವನ್ನು ನೋಡಿದ ಮೇಲೆ.

ಮರುದಿನ ಹುಡುಗಿಗೆ ಉತ್ತರವನ್ನು ಕನ್ನಡದಲ್ಲಿಯೇ ಹೇಳಿದೆನು. "ಸರಿ ತಾತ" ಎಂದು, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಜೊತೆಯಲ್ಲಿಯೇ ಬಂದಳು. ಮೊಮ್ಮಗನು ಜಗುಲಿಯ ಮೇಲಿದ್ದನು. ಹೊಸ ಆಟ ಬೇಡ, ಹಳೆಯದನ್ನೇ ನಿಂತ ಸ್ಥಳದಿಂದ ಮುಂದುವರಿಸೋಣವೆಂದು ಅವನೇ ಹೇಳಿ, ನೆನಪಿದ್ದಂತೆ ಎಲೆಗಳನ್ನು ಹರಡಿದನು. ಅವನ ಆಯುಸ್ಸು ಎರಡು, ಕರಡಿ ಬದುಕಿದೆ, ಸರದಿ ಅವಳದು. ಅವಳು ಕರಡಿಯ ಎಲೆಯನ್ನು ಅಡ್ಡಲಾಗಿ ತಿರುಗಿಸಿದಳು.

ಸಮಾಸಗಳ ವಿಚಾರ ಮುಂದಿನ ತಿಂಗಳು.