ನಡುವಿನ ನಂಬರ್ ಇಲ್ಲದಿದ್ದರೆ ಅರ್ಜಿ ಅಳಿಸಿದ್ದಾರೆ ಎಂದರ್ಥವೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರೈತರು ಸೌಲಭ್ಯಕ್ಕಾಗಿ ಆನ್‌ಲೈನ್ ಅರ್ಜಿ ಹಾಕಿದಾಗ ಒಂದು ನಂಬರ್ ಸಿಗುತ್ತದೆ. ನಿಮ್ಮದು 101, ಹಿಂದೆ ನಿಂತವರದು 103. ಹಾಗಾದರೆ 102 ಅನ್ನು ಯಾರೋ ಅಳಿಸಿದರೇ? ಹಾಗೇನೂ ಆಗಿರಬೇಕಿಲ್ಲ.

ಮೈಎಸ್‌ಕ್ಯೂಎಲ್‌ನಂತಹ ಡೇಟಾಬೇಸ್ ಹೊಸ ದಾಖಲೆಗೆ ಮುಂದಿನ ನಂಬರನ್ನು ತಾನೇ ಕೊಡಬಲ್ಲದು. ನಂಬರ್ ಕೊಟ್ಟ ಮೇಲೆ ದಾಖಲೆ ರದ್ದಾದರೆ ಆ ನಂಬರ್ ಸಾಮಾನ್ಯವಾಗಿ ಖಾಲಿಯೇ ಉಳಿಯುತ್ತದೆ.

ನಿಜವಾದ ಅಪಾಯ ಬೇರೆ. 'ನಾನು ಈಗ ಸೇರಿಸಿದ ದಾಖಲೆಯ ನಂಬರ್ ಯಾವುದು?' ಎಂದು ಸ್ಕ್ರಿಪ್ಟ್ ಕೇಳಬೇಕು. ಬದಲಿಗೆ 'ಎಲ್ಲಕ್ಕಿಂತ ದೊಡ್ಡ ನಂಬರ್ ಯಾವುದು?' ಎಂದು ಕೇಳಿದರೆ, ಅದೇ ಕ್ಷಣದಲ್ಲಿ ಇನ್ನೊಬ್ಬರು ಅರ್ಜಿ ಹಾಕಿದ್ದರೆ ನಿಮ್ಮ ಉತಾರ ಅವರ ಅರ್ಜಿಗೆ ಸೇರಿಬಿಡಬಹುದು.

ಆದ್ದರಿಂದ ರಸೀದಿಯಲ್ಲಿ ನಂಬರ್ ಜೊತೆಗೆ ಹೆಸರು, ಸರ್ವೆ ನಂಬರ್ ಕೂಡ ಅಲ್ಲೇ ನೋಡಿಕೊಳ್ಳಿ.