‘ಸರ್‌ಗೆ ಫೋನ್ ಕೊಡಿ ಮೇಡಂ’

ಗ್ಯಾರೇಜಿಗೆ ಕಾರು ಒಯ್ದ ಹೆಂಗಸರೆಲ್ಲ ಈ ಮಾತು ಕೇಳಿಯೇ ಇರುತ್ತಾರೆ. ಕಾರು ಓಡಿಸುವವಳು ನಾನು. ಅದು ಕೆಮ್ಮಿದ್ದು, ಮುಗ್ಗರಿಸಿದ್ದು, ನಿಂತದ್ದು ಎಲ್ಲವೂ ನನ್ನ ಕೈಯಲ್ಲಿ. ಆಫೀಸಿನಲ್ಲಿ ಕುಳಿತ ‘ಸರ್’ ಫೋನಿನಲ್ಲಿ ಏನು ಹೇಳಿಯಾರು?

ನಮ್ಮದು ಹಳೆಯ ಮಾರುತಿ 800. 796 ಸಿಸಿ, ಕಾರ್ಬುರೇಟರ್ ಇರುವ ಕಾಲದ್ದು. ಅದರೊಳಗೆ ಬ್ರಹ್ಮರಹಸ್ಯವೇನಿಲ್ಲ. ಗಾಳಿ ಬೆರೆತ ಪೆಟ್ರೋಲು, ಸರಿಯಾದ ಗಳಿಗೆಗೆ ಒಂದು ಕಿಡಿ. ದಿನಾ ಒಲೆ ಹಚ್ಚುವವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಬರ್ನರ್ ಹತ್ತದಿದ್ದರೆ ಗ್ಯಾಸ್ ಮುಗಿಯಿತೋ, ತೂತು ಕಟ್ಟಿತೋ, ಲೈಟರ್ ಕೈಕೊಟ್ಟಿತೋ ಎಂದು ಒಂದೊಂದಾಗಿ ನೋಡುತ್ತೇವೆ. ಹೊಸ ಒಲೆ ತರಲು ಓಡುವುದಿಲ್ಲ.

ಗ್ಯಾರೇಜಿನವರು ಹಲವರು ಹೊಸ ಒಲೆಯನ್ನೇ ಮಾರುತ್ತಾರೆ. ಒಬ್ಬರಂತೂ ಬಾನೆಟ್ ಎತ್ತುವ ಮೊದಲೇ “ಬ್ಯಾಟರಿ ಹೋಗಿದೆ” ಎಂದರು. ಸ್ಟಾರ್ಟರ್ ಗಿರಗಿರನೆ ತಿರುಗುತ್ತಿತ್ತು, ಹೆಡ್‌ಲೈಟು ಚೆನ್ನಾಗಿ ಉರಿಯುತ್ತಿತ್ತು. ಬ್ಯಾಟರಿ ಹೋಗಿದ್ದರೆ ಇದೆಲ್ಲ ಎಲ್ಲಿಂದ? ಇನ್ನೊಂದು ಕಡೆ ತೋರಿಸಿದೆ. ಕಸ ಕಟ್ಟಿದ ಪೆಟ್ರೋಲ್ ಫಿಲ್ಟರ್, ಬದಲಿಸಿದ್ದು ಹತ್ತು ನಿಮಿಷದ ಕೆಲಸ. ಕೀಲಿ ತಿರುಗಿಸಿದಾಗ ದೀಪ ಮಂಕಾಗಿ ‘ಟಕ್’ ಎಂದಷ್ಟೇ ಸದ್ದಾದರೆ ಬ್ಯಾಟರಿಯನ್ನು ಅನುಮಾನಿಸಲಿ. ಆಗಲೂ ಟರ್ಮಿನಲ್ ಮೇಲಿನ ಬಿಳಿ ಪುಡಿ ತೆಗೆದು, ಕ್ಲಾಂಪ್ ಬಿಗಿದು ನೋಡಿದ ಮೇಲೆ ದುಡ್ಡಿನ ಮಾತು.

ಓಡುತ್ತಿದ್ದ ಗಾಡಿ ಹೇಗೆ ನಿಂತಿತು ಎಂಬುದೇ ಅರ್ಧ ಉತ್ತರ. ಸ್ವಿಚ್ ಆರಿಸಿದ ಹಾಗೆ ಥಟ್ಟನೆ ಸತ್ತರೆ ಸಾಮಾನ್ಯವಾಗಿ ಕರೆಂಟಿನ ದೋಷ: ಕಾಯಿಲ್, ಡಿಸ್ಟ್ರಿಬ್ಯೂಟರ್, ಸಡಿಲವಾದ ವೈರು. ಜಗ್ಗಿ ಜಗ್ಗಿ, ಸೊರಗಿ ನಿಂತರೆ ಪೆಟ್ರೋಲಿನದು: ಫಿಲ್ಟರ್, ಪಂಪು, ಕಾರ್ಬುರೇಟರಿನ ಜೆಟ್. ಉರಿಬಿಸಿಲಿನಲ್ಲಿ ಘಾಟಿ ಹತ್ತುವಾಗ ಹೀಗೆ ಸೊರಗಿ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಹೊರಟರೆ ಪೈಪಿನೊಳಗೆ ಪೆಟ್ರೋಲು ಆವಿಯಾಗಿರಬಹುದು. ಹಳೆಯ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಅದಕ್ಕೇ. (ಜ್ವರದ ಮಗುವಿನ ಹಣೆಗೆ ಹಾಕುವುದನ್ನು ನಮಗೆ ಯಾರೂ ಗ್ಯಾರೇಜಿನಲ್ಲಿ ಕಲಿಸಲಿಲ್ಲ!)

ಪೆಟ್ರೋಲಿನ ಗಾಟು ವಾಸನೆ ಹೊಡೆದರೆ ಮಾತ್ರ ಸ್ಟಾರ್ಟ್ ಮಾಡಲೇಬೇಡಿ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆಯಿತು. ಅದಕ್ಕೆಂದು ಮಾಡಿರದ ಹಳೆಯ ರಬ್ಬರ್ ಪೈಪುಗಳು ಬೇಗ ಹಾಳಾಗಬಹುದು. ಇದು ಮೆಕ್ಯಾನಿಕ್‌ನದೇ ಕೆಲಸ.

ನಾವೆಲ್ಲ ಸ್ಪ್ಯಾನರ್ ಹಿಡಿಯಬೇಕೆಂದು ನನ್ನ ವಾದವಲ್ಲ. ಕೆಲಸ ಗೊತ್ತಿದ್ದವರಿಗೆ ಕೂಲಿ ಸಂತೋಷದಿಂದ ಕೊಡೋಣ. ಆದರೆ “ಏನು ನೋಡಿ ಹೀಗೆ ಹೇಳಿದಿರಿ?” ಎಂದು ಕೇಳೋಣ, ಬಿಚ್ಚಿದ ಹಳೆಯ ಪಾರ್ಟನ್ನು ಡಿಕ್ಕಿಗೆ ಹಾಕಿಸಿಕೊಳ್ಳೋಣ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.